ತಿಂಗಳಿಗೊಂದು ಬಣ್ಣ: ಲಾಲ್‌ಬಾಗಿನ ಕ್ರುಂಬಿಗಲ್ ಸಾಹೇಬರು

ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಯಾವ ಊರಿಗಾದರೂ ಶ್ರಾವಣ ಮಾಸದಲ್ಲಿ ಹೋಗಿ ಹಿತ್ತಲಗಳನ್ನು ನೋಡಿರಿ. ದಾಸವಾಳ, ಗೌರಿ ಹೂ, ಗುಲಬಾಕ್ಷಿ, ಶಂಖಪುಷ್ಪ ಎಲ್ಲವೂ ಒಮ್ಮೆಲೇ ಅರಳಿ ನಿಂತಿರುತ್ತವೆ. ದೀಪಾವಳಿಗೆ ಚೆಂಡು ಹೂ, ಅದರ ಹಿಂದೆ ಸೇವಂತಿಗೆ. ಸಂಕ್ರಮಣ ಕಳೆಯಿತೆಂದರೆ ಮುಗಿಯಿತು. ಅಲ್ಲಿಂದ ಮೃಗಶಿರ ಮಳೆಯವರೆಗೆ ಅದೇ ಹಿತ್ತಲದಲ್ಲಿ ಒಣಗಿದ ಕಡ್ಡಿ, ಬಿರುಕು ಬಿಟ್ಟ ಎರೆ ಮಣ್ಣು, ನೆರಳು ಹುಡುಕುತ್ತ ಅಲೆಯುವ ಕೋಳಿಗಳು, ಇಷ್ಟೇ. ಆದರೆ ನಮ್ಮ ಮದುವೆಗಳು, ಜಾತ್ರೆಗಳು, ಬಸವ ಜಯಂತಿ ಬರುವುದು ಇದೇ ಬೇಸಿಗೆಯಲ್ಲಿ. ಆಗ ಹುಬ್ಬಳ್ಳಿ ಪೇಟೆಯಿಂದ ಹೂವಿನ ಮಾಲೆ ಕೊಂಡು ತರುತ್ತೇವೆ. ಹತ್ತಾರು ಎಕರೆ ಭೂಮಿಯುಳ್ಳ ಮನೆಯ ಹೆಣ್ಣುಮಗಳು ತಲೆಗೆ ಮುಡಿಯಲು ಒಂದು ಮೊಳ ಹೂವಿಗೆ ಸಂತೆಯ ದಾರಿ ಕಾಯಬೇಕಾಗುತ್ತದೆ.

ಹೂವಿಲ್ಲದ ತಿಂಗಳು ಇರಬಾರದು ಎಂಬ ಲೆಕ್ಕವನ್ನು ಒಂದು ಇಡೀ ಪಟ್ಟಣಕ್ಕೆ ಹಾಕಿ ತೋರಿಸಿದವರು ಒಬ್ಬರಿದ್ದರು. ಅವರು ನಮ್ಮ ದೇಶದವರಲ್ಲ, ಜರ್ಮನಿಯವರು. ಹೆಸರು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಬೆಂಗಳೂರಿನ ಲಾಲ್‌ಬಾಗನ್ನು ನೋಡಿ ಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಧಾರವಾಡದ ಕೃಷಿ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುವಾಗ ನಾನೂ ಪ್ರವಾಸಕ್ಕೆಂದು ಹೋಗಿದ್ದೆ. ಗಾಜಿನ ಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದೆವು. ಅಲ್ಲಿನ ಮರಗಳ ಹಿಂದೆ ಒಬ್ಬ ಮನುಷ್ಯನ ಆಯುಷ್ಯವೇ ಇದೆ ಎಂಬುದು ತಿಳಿದದ್ದು ನೌಕರಿಗೆ ಸೇರಿದ ಎಷ್ಟೋ ವರ್ಷಗಳ ಮೇಲೆ.

ಕ್ರುಂಬಿಗಲ್ ಹುಟ್ಟಿದ್ದು 1865 ನೇ ಡಿಸೆಂಬರ್ 18 ರಂದು, ಜರ್ಮನಿಯ ಡ್ರೆಸ್ಡೆನ್ ನಗರದ ಸಮೀಪದ ಲೋಮನ್ ಎಂಬ ಊರಿನಲ್ಲಿ. ಆ ಸೀಮೆಯಲ್ಲಿ ಚಳಿಗಾಲವೆಂದರೆ ನೆಲವೆಲ್ಲ ಹಿಮ. ವರ್ಷದಲ್ಲಿ ಕೆಲವೇ ತಿಂಗಳು ಮಣ್ಣು ಕೈಗೆ ಸಿಗುತ್ತದೆ. ಹತ್ತಿರದ ಪಿಲ್‌ನಿಟ್ಸ್ ಎಂಬಲ್ಲಿ ಸ್ಯಾಕ್ಸನಿಯ ರಾಜರ ಅರಮನೆ ಮತ್ತು ತೋಟ ಇದ್ದವು. ತರುಣ ಕ್ರುಂಬಿಗಲ್ ತೋಟಗಾರಿಕೆಯ ಮೊದಲ ಪಾಠಗಳನ್ನು ಕಲಿತದ್ದು ಅಲ್ಲಿ. ಆ ತೋಟದಲ್ಲಿ ಜಪಾನಿನ ಕಡೆಯಿಂದ ಬಂದ ಕಮೇಲಿಯಾ ಎಂಬ ಕೆಂಪು ಹೂವಿನ ಗಿಡವೊಂದಿದೆ. 1801 ರಲ್ಲಿ ನೆಟ್ಟದ್ದು, ಇಂದಿಗೂ ಬದುಕಿದೆ. ಪ್ರತಿ ಚಳಿಗಾಲಕ್ಕೆ ಆ ಒಂದು ಗಿಡದ ಸುತ್ತ ಕಟ್ಟಿಗೆಯ ಮನೆ ನಿಲ್ಲಿಸಿ, ಒಳಗೆ ಬೆಚ್ಚಗಿಟ್ಟು ಕಾಯುತ್ತಿದ್ದರು. ಒಂದು ಹೂವಿನ ಗಿಡಕ್ಕೆ ಇಷ್ಟು ಉಪಚಾರವೇ ಎಂದು ನಾವು ನಗಬಹುದು. ನಮ್ಮ ಸೀಮೆಯಲ್ಲಿ ಹಿಮ ಬೀಳುವುದಿಲ್ಲ, ಹನ್ನೆರಡು ತಿಂಗಳೂ ಬಿಸಿಲುಂಟು. ಆದರೂ ಐದು ತಿಂಗಳು ಹಿತ್ತಲ ಬರಿದಾಗಿರುತ್ತದೆ. ನಗಬೇಕಾದವರು ಯಾರೋ ಗೊತ್ತಾಗುವುದಿಲ್ಲ.

ಅಲ್ಲಿಂದ ಅವರು ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕ್ ಎಂಬ ದೊಡ್ಡ ಉದ್ಯಾನದಲ್ಲಿ ಹೂವಿನ ಪಾತಿಗಳನ್ನು ರಚಿಸುವ ಕೆಲಸ ಸಿಕ್ಕಿತು. ನಂತರ ಜಗತ್ತಿನ ಸಸ್ಯಶಾಸ್ತ್ರಕ್ಕೆ ಕೇಂದ್ರವೆನಿಸಿದ್ದ ಕ್ಯೂ ಉದ್ಯಾನಕ್ಕೆ ಸೇರಿದರು. ಲಂಡನ್ನಿನ ಉದ್ಯಾನಗಳಲ್ಲಿ ಒಂದು ಪದ್ಧತಿಯುಂಟು. ಒಂದು ಪಾತಿಯ ಹೂವು ಬಾಡುವ ಹೊತ್ತಿಗೆ ಮುಂದಿನ ಹಂಗಾಮಿನ ಸಸಿ ಬೇರೆ ಕಡೆ ತಯಾರಾಗಿರುತ್ತದೆ, ಹಳೆಯದನ್ನು ಕಿತ್ತ ದಿನವೇ ಹೊಸದನ್ನು ಕೂಡಿಸುತ್ತಾರೆ. ನೋಡುವವರ ಕಣ್ಣಿಗೆ ಪಾತಿ ಎಂದೂ ಖಾಲಿ ಇರುವುದಿಲ್ಲ. ಮುಂದೆ ಬೆಂಗಳೂರಿನಲ್ಲಿ ಅವರು ಮಾಡಿದ ದೊಡ್ಡ ಕೆಲಸದ ಬೀಜ ಇಲ್ಲಿಯೇ ಬಿದ್ದಿತೆಂದು ನನ್ನ ಎಣಿಕೆ. ಕ್ಯೂ ಉದ್ಯಾನದಲ್ಲಿ ಕಲಿತದ್ದು ಇನ್ನೊಂದು: ಜಗತ್ತಿನ ಎಲ್ಲೆಡೆಯಿಂದ ಬೀಜ ತರಿಸು, ಚೀಟಿ ಕಟ್ಟು, ಬೆಳೆಸಿ ನೋಡು, ನಡೆದರೆ ಹಂಚು.

1893 ರಲ್ಲಿ ಅವರು ಭಾರತಕ್ಕೆ ಬಂದರು. ಕರೆಸಿದವರು ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು. ಆ ಸಂಸ್ಥಾನದ ಉದ್ಯಾನಗಳನ್ನು ನೋಡಿಕೊಂಡು ಸುಮಾರು 15 ವರ್ಷ ಕಳೆದರು. ಬರೋಡೆಯ ಬೇಸಿಗೆ ನಮ್ಮ ನವಲಗುಂದದ ಬೇಸಿಗೆಗಿಂತ ಕಠಿಣ, ಆ ಸುತ್ತಲೂ ನಮ್ಮಂತೆ ಎರೆ ನೆಲ ಬಹಳ. ಹಿಮದ ನಾಡಿನ ತೋಟಗಾರ ಬಿಸಿಲ ನಾಡಿನ ತೋಟಗಾರನಾಗಿ ಪಳಗಿದ್ದು ಈ ವರ್ಷಗಳಲ್ಲಿ. ಗಾಯಕವಾಡರಿಗೆ ಊಟಿಯಲ್ಲಿಯೂ ಬಂಗಲೆಯಿತ್ತು. ಅಲ್ಲಿಯ ತೋಟದ ಕೆಲಸವೂ ಇವರದೇ. ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಗಮನ ಈ ಕೆಲಸದ ಮೇಲೆ ಬಿದ್ದಿತು. 1908 ರಲ್ಲಿ ಕ್ರುಂಬಿಗಲ್ ಬೆಂಗಳೂರಿಗೆ ಬಂದು ಲಾಲ್‌ಬಾಗಿನ ಅಧಿಕಾರ ವಹಿಸಿಕೊಂಡರು. ಆಗ ಅವರ ವಯಸ್ಸು 42.

ಲಾಲ್‌ಬಾಗು ಅವರು ಕಟ್ಟಿದ್ದಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. 1760 ರಲ್ಲಿ ಹೈದರಾಲಿ ಅದನ್ನು ಆರಂಭಿಸಿದ. ಟಿಪ್ಪು ಬೆಳೆಸಿದ. ಬ್ರಿಟಿಷರ ಕಾಲದಲ್ಲಿ ಹಲವರು ಕೈ ಹಾಕಿದರು. ಕ್ರುಂಬಿಗಲ್ ಅವರಿಗಿಂತ ಮೊದಲಿದ್ದ ಜಾನ್ ಕ್ಯಾಮರನ್ 1874 ರಿಂದ 1908 ರವರೆಗೆ ದುಡಿದು ಅದಕ್ಕೆ ಗಾಜಿನ ಮನೆಯ ಶೋಭೆ ತಂದರು. ಸಂತೆಯಲ್ಲಿ ನಾವು ಕೊಳ್ಳುವ ಸೀಮೆ ಬದನೆಯನ್ನು ಈ ಭಾಗಕ್ಕೆ ಪರಿಚಯಿಸಿದವರೂ ಕ್ಯಾಮರನ್ನರೇ. ಹೀಗೆ ಒಬ್ಬರು ಅಗೆದ ಗುಣಿಯಲ್ಲಿ ಇನ್ನೊಬ್ಬರು ನೆಟ್ಟರು. ತೋಟದ ಕೆಲಸದಲ್ಲಿ ಇದು ಸಹಜ. ಅಜ್ಜ ಹಚ್ಚಿದ ಮಾವಿನ ಗಿಡದ ಹಣ್ಣನ್ನು ಮೊಮ್ಮಗ ತಿನ್ನುವುದಿಲ್ಲವೆ?

ಬೆಂಗಳೂರಿಗೆ ಬಂದ ಮೇಲೆ ಕ್ರುಂಬಿಗಲ್ ಕ್ಯೂ ಉದ್ಯಾನದ ಪದ್ಧತಿಯನ್ನು ಜೋರಾಗಿ ನಡೆಸಿದರು. ಜಗತ್ತಿನ ನಾನಾ ಸಸ್ಯೋದ್ಯಾನಗಳಿಗೆ ಪತ್ರ ಬರೆದು, ಇಲ್ಲಿಯ ಬೀಜ ಕಳಿಸಿ, ಅಲ್ಲಿಯ ಬೀಜ ತರಿಸಿದರು. ಆಗ ಬೀಜದ ಗಂಟು ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಬೇಕಿತ್ತು. ಬರುವಷ್ಟರಲ್ಲಿ ಎಷ್ಟೋ ಸಾಯುತ್ತಿದ್ದವು. ಉಳಿದವನ್ನು ಲಾಲ್‌ಬಾಗಿನಲ್ಲಿ ಬೆಳೆಸಿ ನೋಡುತ್ತಿದ್ದರು. ಅವರು ತರಿಸಿ ಬೆಳೆಸಿದ ಸಸ್ಯಗಳ ಪಟ್ಟಿಯಲ್ಲಿ ಹೂವಿನ ಮರಗಳಷ್ಟೇ ಇಲ್ಲ ಎಂಬುದನ್ನು ರೈತರು ಗಮನಿಸಬೇಕು. ದನಗಳ ಮೇವಿಗಾಗಿ ರೋಡ್ಸ್ ಹುಲ್ಲು, ರಷ್ಯದ ಸೂರ್ಯಕಾಂತಿ, ಸೋಯಾ ಅವರೆ, ಅಮೆರಿಕದ ಗೋವಿನ ಜೋಳ ಇವೂ ಅದರಲ್ಲಿವೆ. ಇವತ್ತು ಧಾರವಾಡ ಜಿಲ್ಲೆಯ ಹೊಲಗಳಲ್ಲಿ ಗೋವಿನ ಜೋಳ ಮತ್ತು ಸೋಯಾ ಎಷ್ಟು ಹರಡಿವೆ ಎಂದು ನಾನು ಹೇಳಬೇಕಾಗಿಲ್ಲ. ನಾವು ಬಿತ್ತುವ ತಳಿಗಳು ಬಹಳ ಈಚಿನವು, ಅವುಗಳ ದಾರಿ ಬೇರೆ. ಆದರೂ ಸುಮಾರು ನೂರು ವರ್ಷದ ಹಿಂದೆ ಹೂದೋಟದ ಮೂಲೆಯೊಂದರಲ್ಲಿ ಇವನ್ನು ಬಿತ್ತಿ ಕಣ್ಣಿಟ್ಟು ನೋಡಿದ ಮನುಷ್ಯನನ್ನು ಬರೀ ಶೋಕಿ ತೋಟಗಾರನೆಂದು ಕರೆಯಲಾಗದು.

ಈಗ ಅವರ ಮುಖ್ಯ ಕೆಲಸಕ್ಕೆ ಬರೋಣ. ಬೆಂಗಳೂರಿನ ರಸ್ತೆಗಳ ಎರಡೂ ಬದಿಗೆ ಮರ ಹಚ್ಚುವಾಗ ಅವರು ನೆರಳಿನ ಲೆಕ್ಕ ಒಂದನ್ನೇ ಇಡಲಿಲ್ಲ. ಯಾವ ಮರ ಯಾವ ತಿಂಗಳು ಹೂ ಬಿಡುತ್ತದೆ, ಎಷ್ಟು ದಿನ ನಿಲ್ಲುತ್ತದೆ, ಅದು ಉದುರುವಾಗ ಅದರ ನೆರೆಯ ರಸ್ತೆಯಲ್ಲಿ ಯಾವುದು ಅರಳಬೇಕು ಎಂದು ಪಂಚಾಂಗ ಹಾಕಿದಂತೆ ಹಾಕಿದರು. ಒಂದು ರಸ್ತೆಗೆ ಒಂದು ಜಾತಿ, ಮುಂದಿನ ರಸ್ತೆಗೆ ಇನ್ನೊಂದು. ಚಳಿಗಾಲದಲ್ಲಿ ಗುಲಾಬಿ ಬಣ್ಣದ ತಬೆಬೂಯಾ. ಅದು ಹಿಂದೆ ಸರಿಯುವಾಗ ಹಳದಿ ತಬೆಬೂಯಾ. ಮಾರ್ಚ್ ಹೊತ್ತಿಗೆ ನೀಲಿ ಜಕರಂಡಾ. ಏಪ್ರಿಲ್, ಮೇ ತಿಂಗಳಿಗೆ ಬೆಂಕಿ ಹೊತ್ತಿಸಿದಂತೆ ಗುಲ್‌ಮೊಹರ್, ಅದರ ಜೊತೆಗೆ ಹೊಳೆದಾಸವಾಳದ ನೇರಳೆ, ಕಕ್ಕೆಯ ಬಂಗಾರ. ಮಳೆ ನಿಂತ ಮೇಲೆ ಆಕಾಶಮಲ್ಲಿಗೆಯ ಬಿಳಿ. ಹೀಗೆ ಊರಿನಲ್ಲಿ ಯಾವಾಗಲೂ ಎಲ್ಲೋ ಒಂದು ಕಡೆ ಹೂವು ಇದ್ದೇ ಇರಬೇಕು. ಇವೆಲ್ಲವನ್ನೂ ಅವರೊಬ್ಬರೇ ತಂದು ನೆಟ್ಟರೆಂದು ತಿಳಿಯಬಾರದು. ಕೆಲವು ಅವರಿಗಿಂತ ಮೊದಲೇ ಬಂದಿದ್ದವು, ಕೆಲವು ನಮ್ಮ ಕಾಡಿನವೇ, ಕೆಲವನ್ನು ಅವರ ನಂತರದವರು ಬೆಳೆಸಿದರು. 1980 ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದರು. ಆದರೆ ತಿಂಗಳಿಗೊಂದು ಬಣ್ಣವೆಂಬ ಲೆಕ್ಕವನ್ನು ಊರಿಗೆ ಕಲಿಸಿದವರು ಕ್ರುಂಬಿಗಲ್.

ಈ ಲೆಕ್ಕ ನನ್ನ ತಲೆಗೆ ಹೊಕ್ಕದ್ದು ಒಂದು ತಪ್ಪು ಮಾಡಿದ ಮೇಲೆ. ನೌಕರಿಯ ಮೊದಲ ವರ್ಷಗಳಲ್ಲಿ ನವಲಗುಂದ ತಾಲೂಕಿನ ಒಂದು ಊರಿನ ಹೆಣ್ಣುಮಕ್ಕಳಿಗೆ ನಾನು ಗುಲಾಬಿ ಮತ್ತು ಬಣ್ಣದೆಲೆಯ ಕ್ರೋಟನ್ ಸಸಿಗಳನ್ನು ಹಂಚಿಸಿದೆ. ನೋಡಲು ಚೆಂದ ಇದ್ದವು, ಎಲ್ಲರೂ ಸಂತೋಷಪಟ್ಟರು. ಆಶ್ಲೇಷ ಮಳೆ ಹಿಡಿಯಿತು. ಎರೆ ಮಣ್ಣಿನ ಗುಣಿಯಲ್ಲಿ ನೀರು ಎಂಟು ದಿನ ನಿಂತಿತು. ಬೇರು ಕೊಳೆತು ಬಹುತೇಕ ಸಸಿಗಳು ಸತ್ತವು. ಉಳಿದ ನಾಲ್ಕಾರನ್ನು ಚೈತ್ರದ ಬಿಸಿಲು ಮತ್ತು ಬೋರಿನ ಸವಳು ನೀರು ಸೇರಿ ತಿಂದವು. ಒಬ್ಬ ಅಜ್ಜಿ ಮಾತ್ರ ತಾನು ಎಲ್ಲಿಂದಲೋ ಕಡ್ಡಿ ತಂದು ಚುಚ್ಚಿದ ಕಾಗದದ ಹೂವನ್ನು ತೋರಿಸಿದಳು. ಅದು ಮಾಳಿಗೆ ಏರಿ ಕೆಂಪಗೆ ಸುರಿಯುತ್ತಿತ್ತು. ಅಜ್ಜಿ ನನಗೆ ಏನನ್ನೂ ಅನ್ನಲಿಲ್ಲ. ಅನ್ನದಿದ್ದದ್ದೇ ಹೆಚ್ಚಾಯಿತು.

ಆದ್ದರಿಂದ ಕ್ರುಂಬಿಗಲ್ ಅವರ ಲೆಕ್ಕವನ್ನು ನಮ್ಮ ಎರಡು ಗುಂಟೆಯ ಹಿತ್ತಲಕ್ಕೆ ಇಳಿಸುವುದು ಹೇಗೆಂದು ನೋಡೋಣ. ಬೆಂಗಳೂರಿನ ಮರಗಳನ್ನು ತಂದು ನೆಡಿರೆಂದು ನಾನು ಹೇಳುವುದಿಲ್ಲ. ಗುಲ್‌ಮೊಹರ್ ಮರದ ಕೊಂಬೆ ಪೊಳ್ಳು, ಬೇರು ಮೇಲುಮೇಲಕ್ಕೆ. ನಮ್ಮ ಮುಂಗಾರು ಪೂರ್ವದ ಗಾಳಿಗೆ ಮನೆಯ ಮೇಲೆಯೇ ಬೀಳುತ್ತದೆ. ಗೋಡೆಯಿಂದ 20 ಅಡಿಗಿಂತ ಸಮೀಪ ಅದು ಬೇಡ. ಸಣ್ಣ ಹಿತ್ತಲಕ್ಕೆ ಒಂದು ಪಾರಿಜಾತ, ಒಂದು ದಾಸವಾಳ, ಒಂದು ನಂದಿಬಟ್ಟಲು ಸಾಕು. ಇವು ಬೆನ್ನೆಲುಬು. ಪಾರಿಜಾತ ಮಳೆಗಾಲದ ಕೊನೆಗೆ, ಮಹಾನವಮಿಯ ಹೊತ್ತಿಗೆ ಅಂಗಳ ತುಂಬುತ್ತದೆ. ದಾಸವಾಳ, ನಂದಿಬಟ್ಟಲು ನೀರಿದ್ದಷ್ಟು ದಿನ ಬಿಡುತ್ತಿರುತ್ತವೆ.

ಖಾಲಿ ಬೀಳುವುದು ಬೇಸಿಗೆಯಲ್ಲಿ. ಆ ಐದು ತಿಂಗಳನ್ನು ತುಂಬುವುದೇ ನಮ್ಮ ಮುಖ್ಯ ಸಮಸ್ಯೆ. ಅದಕ್ಕೆ ಇಬ್ಬರು ಗಟ್ಟಿಗರಿದ್ದಾರೆ. ಒಂದು ಆ ಅಜ್ಜಿಯ ಕಾಗದದ ಹೂವು, ಅಂದರೆ ಬೋಗನ್‌ವಿಲ್ಲಾ. ಇದಕ್ಕೆ ನೀರು ಹೆಚ್ಚಾದರೆ ಬರೀ ಎಲೆ ಬರುತ್ತದೆ. ಚಳಿಗಾಲದ ಕೊನೆಗೆ ನೀರು ಕಡಿಮೆ ಮಾಡಿದಿರಾದರೆ ಮೈತುಂಬ ಬಣ್ಣ ಬರುತ್ತದೆ. ನೀರಿಲ್ಲದ ಊರಿಗೆ ಇದಕ್ಕಿಂತ ಅನುಕೂಲದ ಗಿಡ ಯಾವುದು? ಸವಳು ನೀರನ್ನೂ ತಕ್ಕಮಟ್ಟಿಗೆ ತಾಳುತ್ತದೆ. ಎರಡನೆಯದು ಮಲ್ಲಿಗೆ. ಮಲ್ಲಿಗೆ ಬೇಸಿಗೆಯಲ್ಲಿ ತಾನಾಗಿ ಬರುತ್ತದೆಂದು ಕೂಡಬಾರದು. ನವೆಂಬರ್ ಕೊನೆಗೆ ನೀರು ನಿಲ್ಲಿಸಿ, ಎಲೆ ಸೊರಗಿದ ಮೇಲೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಗಿಡವನ್ನು ಕತ್ತರಿಸಬೇಕು. ಬುಡ ಕೆದರಿ ಒಂದು ಬುಟ್ಟಿ ತಿಪ್ಪೆ ಗೊಬ್ಬರ ಹಾಕಿ ಮತ್ತೆ ನೀರು ಬಿಡಬೇಕು. ಮಾರ್ಚ್ ತಿಂಗಳಿನಿಂದ ಮೇ ತಿಂಗಳವರೆಗೆ ಮನೆಯ ಹೆಣ್ಣುಮಕ್ಕಳಿಗೆ ಸಾಲುವಷ್ಟು ಹೂವು. ಕತ್ತರಿ ಹಾಕಲು ಹೆದರುವವರೇ ಹೆಚ್ಚು. ಹೆದರಿ ಬಿಟ್ಟ ಮಲ್ಲಿಗೆ ಬಳ್ಳಿ ಮಾಡವನ್ನೇರುತ್ತದೆ, ಹೂವು ಮಾತ್ರ ಕೈಬೆರಳೆಣಿಕೆ. ಅಬ್ಬಲಿಗೆಯನ್ನೂ ಈ ಜೊತೆಗೆ ಸೇರಿಸಿರಿ. ಅದಕ್ಕೆ ಚಳಿ ಸೇರದು, ಬೆಚ್ಚಗಿನ ದಿನಗಳೇ ಬೇಕು.

ಚೆಂಡು ಹೂವಿನ ವಿಷಯದಲ್ಲಿ ನಾವು ಮಾಡುವ ತಪ್ಪು ಇನ್ನೊಂದು ತೆರನಾದದ್ದು. ಇದ್ದ ಬೀಜವನ್ನೆಲ್ಲ ಒಂದೇ ದಿನ ಚೆಲ್ಲಿಬಿಡುತ್ತೇವೆ. ಎಲ್ಲವೂ ಒಂದೇ ವಾರ ಅರಳಿ ಒಂದೇ ವಾರ ಬಾಡುತ್ತವೆ. ನಾಟಿಯಾದ ಐವತ್ತು ಅರವತ್ತು ದಿನಕ್ಕೆ ಹೂ ಕೊಡುವ ಗಿಡ ಅದು. ಆರಿದ್ರಾ ಮಳೆಯಲ್ಲಿ ಒಂದು ಹಿಡಿ, ಹುಬ್ಬಿ ಮಳೆಯಲ್ಲಿ ಒಂದು ಹಿಡಿ, ಸಂಕ್ರಮಣದ ಹೊತ್ತಿಗೆ ಬಚ್ಚಲ ನೀರು ಸೇರುವ ಕಡೆ ಒಂದು ಹಿಡಿ, ಹೀಗೆ ಮೂರು ಸಲ ಬಿತ್ತಿದರೆ ಒಂದೇ ಜಾತಿಯಿಂದ ವರ್ಷದ ಬಹುಭಾಗ ಹಳದಿ, ಕೇಸರಿ ಬಣ್ಣ ಕಾಣುತ್ತದೆ. ಚೆಂಡು ಹೂ ಬರೀ ಚೆಂದಕ್ಕಲ್ಲ. ಟೊಮೆಟೊ ಬೆಳೆಯುವವರು 16 ಸಾಲಿಗೆ ಒಂದು ಸಾಲು ಚೆಂಡು ಹೂ ಹಚ್ಚಿದರೆ ಕಾಯಿ ಕೊರಕದ ಚಿಟ್ಟೆ ಹೂವಿನ ಮೇಲೆಯೇ ಮೊಟ್ಟೆಯಿಡುತ್ತದೆ. ಟೊಮೆಟೊ ಸಸಿ 25 ದಿನದ್ದಾದರೆ ಚೆಂಡು ಹೂವಿನ ಸಸಿ 40 ದಿನದ್ದಿರಬೇಕು, ಆಗಲೇ ಎರಡೂ ಕೂಡಿ ಅರಳುತ್ತವೆ. ಇಲ್ಲಿಯೂ ಅದೇ ಹೊಂದಾಣಿಕೆ ನೋಡಿರಿ, ಯಾವುದು ಯಾವಾಗ ಅರಳಬೇಕೆಂಬ ಲೆಕ್ಕ.

ಸೇವಂತಿಗೆಯದು ಮೊಂಡು ಸ್ವಭಾವ. ಹಗಲು ಚಿಕ್ಕದಾಗುವವರೆಗೆ ಅದು ಮೊಗ್ಗು ಕಟ್ಟುವುದಿಲ್ಲ, ನೀವು ಏನು ಮಾಡಿದರೂ ಅಷ್ಟೇ. ಮುಂಗಾರಿಗೆ ಕಂದು ನಾಟಿ ಮಾಡಿ, ತಿಂಗಳ ಮೇಲೆ ತುದಿ ಚಿವುಟಿದರೆ ಕವಲು ಹೆಚ್ಚಿ, ದೀಪಾವಳಿಯ ನಂತರ ತಾನೇ ತುಂಬಿಕೊಳ್ಳುತ್ತದೆ.

ಮಣ್ಣಿನ ಮಾತು ಒಂದು ಉಳಿಯಿತು. ಕಲಘಟಗಿ ಕಡೆಯ ಕೆಂಪು ಮಣ್ಣಿನಲ್ಲಿ ನೀರು ಬಸಿದು ಹೋಗುತ್ತದೆ, ಅಲ್ಲಿಯವರಿಗೆ ಚಿಂತೆಯಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಮಣ್ಣಿಗೆ ಗುಣಿ ಬೇರೆ ರೀತಿ. ಉದ್ದ, ಅಗಲ, ಆಳ ತಲಾ 2 ಅಡಿ ತೋಡಿ, ಬೇಸಿಗೆಯಲ್ಲಿ ಬಾಯಿ ತೆರೆದು ಬಿಡಿರಿ. ತಳಕ್ಕೆ ನಾಲ್ಕು ಬೆರಳು ಗರಸು. ಮೇಲೆ ಕೆಂಪು ಮಣ್ಣು, ಉಸುಕು, ಹಳೆಯ ಸಗಣಿ ಗೊಬ್ಬರ ಸಮಪಾಲು ಬೆರೆಸಿ ತುಂಬಿರಿ. ಗುಣಿಯ ಬಾಯಿ ನೆಲಕ್ಕಿಂತ ಅರ್ಧ ಅಡಿ ಎತ್ತರದ ದಿಬ್ಬವಾಗಲಿ. ನಾನು ಸಸಿ ಕೊಟ್ಟ ಊರಿನಲ್ಲಿ ಈ ಅರ್ಧ ಅಡಿಯನ್ನು ಹೇಳಿರಲಿಲ್ಲ. ಬೇಸಿಗೆಯಲ್ಲಿ ಬುಡಕ್ಕೆ ಜೋಳದ ದಂಟಿನ ಚೂರು ಇಲ್ಲವೆ ಶೇಂಗಾ ಸಿಪ್ಪೆ ಹೊದಿಸಿರಿ, ನೀರಿನ ಖರ್ಚು ಅರ್ಧ ಉಳಿಯುತ್ತದೆ. ಬಚ್ಚಲ ನೀರಿನಲ್ಲಿ ಸಾಬೂನು ಇರುವುದರಿಂದ ಅದನ್ನು ಮೊದಲು ಬಾಳೆ, ಕೆಸವು, ಕಾಬಾಳೆ ಇರುವ ಗುಂಡಿಗೆ ಬಿಡುವುದು ಲೇಸು. ಕಾಬಾಳೆಯ ಕೆಂಪು, ಹಳದಿ ಹೂವು ವರ್ಷವಿಡೀ ಇರುವ ಉಡುಗೊರೆ.

ಬಣ್ಣವೆಂದರೆ ಪೇಟೆಯವರ ಶೋಕಿ ಎಂದು ಮೂಗು ಮುರಿಯುವ ಹಿರಿಯರು ನಮ್ಮಲ್ಲಿದ್ದಾರೆ. ಅವರಿಗೆ ನಾನು ನವಲಗುಂದದ ಜಮಖಾನೆಯನ್ನು ತೋರಿಸುತ್ತೇನೆ. ನಮ್ಮದೇ ತಾಲೂಕಿನ ಹೆಣ್ಣುಮಕ್ಕಳು ಕೈಮಗ್ಗದ ಮೇಲೆ ಕೆಂಪು, ಹಳದಿ, ಕಪ್ಪು, ಹಸಿರು ಎಳೆ ಹೆಣೆದು ನವಿಲು ಕೂಡಿಸುತ್ತಾರೆ. ಹಿಂಗಾರಿನಲ್ಲಿ ಕುಸುಬಿ ಹೊಲ ಕೇಸರಿಯಾಗುತ್ತದೆ, ಅಗಸಿ ನೀಲಿಯಾಗುತ್ತದೆ, ಕುಂದಗೋಳದ ಕಣದಲ್ಲಿ ಮೆಣಸಿನಕಾಯಿ ಕೆಂಪಗೆ ಹರಡಿರುತ್ತದೆ. ಕಾರ ಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುವವರು ನಾವೇ. ಎತ್ತಿಗೆ ಸಲ್ಲುವ ಬಣ್ಣ ಮನೆಯ ಹಿತ್ತಲಕ್ಕೆ ಸಲ್ಲದೆ?

ವಿದೇಶದ ಗಿಡ ಎಂಬ ಆಕ್ಷೇಪವನ್ನೂ ಕ್ರುಂಬಿಗಲ್ ಅವರ ಮೇಲೆ ಹೊರಿಸುವವರಿದ್ದಾರೆ. ಅದರಲ್ಲಿ ತೂಕವಿಲ್ಲದಿಲ್ಲ. ಆದರೆ ಚೆಂಡು ಹೂ ಬಂದದ್ದು ಮೆಕ್ಸಿಕೊ ಕಡೆಯಿಂದ, ಮೆಣಸಿನಕಾಯಿ ಬಂದದ್ದು ಅಮೆರಿಕದಿಂದ, ಕಾಶಿ ಕಣಗಿಲೆಗೆ ಕಾಶಿಯ ಹೆಸರಿದ್ದರೂ ಅದರ ತವರು ಮಡಗಾಸ್ಕರ್. ಇವನ್ನು ಬಿಟ್ಟರೆ ನಮ್ಮ ಹಬ್ಬವೂ ಇಲ್ಲ, ಸಾರೂ ಇಲ್ಲ. ಕೇಡು ಇರುವುದು ನೋಡದೆ ಬಿಡುವುದರಲ್ಲಿ. ಕಲಘಟಗಿಯ ಕಾಡಂಚಿನಲ್ಲಿ ದನಗಳಿಗೆ ಹುಲ್ಲೇ ಇಲ್ಲದಂತೆ ಹಬ್ಬಿರುವ ಲಂಟಾನವು 1809 ರ ಸುಮಾರಿಗೆ ಕಲಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದದ್ದು. ಕ್ರುಂಬಿಗಲ್ ಹುಟ್ಟುವುದಕ್ಕೂ ಮೊದಲಿನ ಮಾತು ಅದು. ಅಂದಿನವರು ಅದರ ಹೂವನ್ನು ನೋಡಿದರು, ಅದರ ಹಣ್ಣನ್ನು ಹಕ್ಕಿಗಳು ಎಲ್ಲಿಗೆ ಒಯ್ಯುತ್ತವೆ ಎಂದು ನೋಡಲಿಲ್ಲ. ಹಾಗೆಯೇ ಕಣಗಿಲೆ. ಬರಕ್ಕೆ ಜಗ್ಗದ, ಸದಾ ಹೂಬಿಡುವ ಗಿಡ ನಿಜ. ಆದರೆ ಅದರ ಎಲೆ, ಕಡ್ಡಿ, ಬೀಜ ಎಲ್ಲವೂ ವಿಷ. ಹಳದಿ ಕಣಗಿಲೆಯೂ ಹಾಗೆಯೇ. ಕತ್ತರಿಸಿದ ಕಣಗಿಲೆ ಸೊಪ್ಪನ್ನು ಮೇವಿನ ಕಡೆ ಬಿಸುಟರೆ ಎತ್ತು ಉಳಿಯುವುದು ಕಷ್ಟ. ಕೊಟ್ಟಿಗೆ ಮತ್ತು ಸಣ್ಣ ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ.

ಕ್ರುಂಬಿಗಲ್ ಲಾಲ್‌ಬಾಗಿನಲ್ಲಿ 1932 ರವರೆಗೆ ಇದ್ದರು. ಈ ನಡುವೆ 1912 ರಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳ ಹಿಂದೆ ಈ ಸಂಘದ ದುಡಿಮೆ ಬಹಳ ಇದೆ. ದಿವಾನ ಮಿರ್ಜಾ ಇಸ್ಮಾಯಿಲ್ ಅವರಿಗೆ ಊರುಗಳನ್ನು ಚೆಂದಗೊಳಿಸುವ ಹುಚ್ಚು. ಕ್ರುಂಬಿಗಲ್ ಅವರಿಗೆ ಅದೇ ಕಸುಬು. ಇಬ್ಬರೂ ಕೂಡಿದಾಗ ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ಎದ್ದು ನಿಂತಿತು. 1927 ರಲ್ಲಿ ಆರಂಭವಾದ ಕೆಲಸ 1932 ರ ಹೊತ್ತಿಗೆ ಮುಗಿಯಿತು. ಕಾವೇರಿಯ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಎರಡೂ ಬದಿಯ ಪಾತಿಗಳಿಗೆ ಬಣ್ಣ ಕೊಡುವ ಆ ವಿನ್ಯಾಸದ ನಕ್ಷೆ ಅವರದು. ಅಷ್ಟು ನೀರು ಇದ್ದರೆ ಯಾರಾದರೂ ತೋಟ ಮಾಡಿಯಾರು ಎಂದು ಮೊದಲು ಕಂಡಾಗ ನನಗೆ ಅನಿಸಿತ್ತು. ಮಲಪ್ರಭೆಯ ಕಾಲುವೆ ಬಂದ ಮೇಲೆಯೂ ನಮ್ಮ ಊರುಗಳ ಹಿತ್ತಲಗಳು ಇದ್ದ ಹಾಗೆಯೇ ಇರುವುದನ್ನು ಕಂಡು ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ನಿವೃತ್ತಿಯ ನಂತರ ಅವರು ತಾಯ್ನಾಡಿಗೆ ಮರಳಲಿಲ್ಲ. ಲಾಲ್‌ಬಾಗಿನ ಆಡಳಿತ ಎಚ್.ಸಿ. ಜವರಾಯ ಅವರ ಕೈಗೆ ಬಂದಿತು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರೇ. ಕ್ರುಂಬಿಗಲ್ ಬೆಂಗಳೂರಿನಲ್ಲಿಯೇ ಉಳಿದು ಉದ್ಯಾನ ಮತ್ತು ಊರು ರಚನೆಯ ಸಲಹೆಗಾರರಾಗಿ ಕೆಲಸ ಮುಂದುವರಿಸಿದರು. ಆದರೆ ಕಾಲ ಅವರಿಗೆ ಸುಖವಾಗಿರಲಿಲ್ಲ. 1914 ಮತ್ತು 1939 ರಲ್ಲಿ ಆರಂಭವಾದ ಎರಡೂ ಮಹಾಯುದ್ಧಗಳಲ್ಲಿ ಜರ್ಮನಿಯು ಬ್ರಿಟಿಷರಿಗೆ ಎದುರಾಳಿ. ಈ ದೇಶದಲ್ಲಿದ್ದ ಜರ್ಮನರನ್ನು ಬ್ರಿಟಿಷ್ ಸರಕಾರ ಸಂಶಯದಿಂದ ನೋಡಿತು, ಬಹಳ ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಆ ಬಿಸಿ ಇವರಿಗೂ ತಟ್ಟಿತು. ತಾನು ನೆಟ್ಟ ಮರಗಳ ನೆರಳಿನಲ್ಲಿ ಓಡಾಡುವ ಊರಿಗೆ ತಾನೇ ಶತ್ರುದೇಶದವನೆನಿಸಿಕೊಳ್ಳುವುದು ಎಂಥ ಸಂಕಟವಿರಬೇಕು! ಅವರ ಹುಟ್ಟೂರಿನ ಪಕ್ಕದ ಡ್ರೆಸ್ಡೆನ್ ನಗರ 1945 ರ ಫೆಬ್ರುವರಿಯಲ್ಲಿ ವಿಮಾನಗಳ ಬಾಂಬಿಗೆ ಸುಟ್ಟು ಬೂದಿಯಾಯಿತು. ಆಗ ಅವರಿಗೆ 79 ವರ್ಷ.

ದೇಶ ಸ್ವತಂತ್ರವಾದುದನ್ನೂ, ಮೈಸೂರು ಸಂಸ್ಥಾನ ಭಾರತದಲ್ಲಿ ಸೇರಿದುದನ್ನೂ ಅವರು ಕಂಡರು. ಧಾರವಾಡ ಮತ್ತು ಬೆಂಗಳೂರು ಒಂದೇ ರಾಜ್ಯವಾದುದನ್ನು ಮಾತ್ರ ಕಾಣಲಿಲ್ಲ. ರಾಜ್ಯ ಒಂದಾದದ್ದು 1956 ರ ನವೆಂಬರ್ 1 ರಂದು. ಅವರು ತೀರಿಕೊಂಡದ್ದು ಅದೇ ವರ್ಷದ ಫೆಬ್ರುವರಿ 8 ರಂದು, ತಮ್ಮ 90 ನೇ ವಯಸ್ಸಿನಲ್ಲಿ. ಸಮಾಧಿ ಬೆಂಗಳೂರಿನ ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿದೆ. ಲಾಲ್‌ಬಾಗಿನ ಸಮೀಪದ ಒಂದು ರಸ್ತೆಗೆ ಅವರ ಹೆಸರಿದೆ. ರಸ್ತೆ ಅಗಲ ಮಾಡಲು, ಮೆಟ್ರೊ ಹಾಕಲು ಬೆಂಗಳೂರಿನ ಎಷ್ಟೋ ಹಳೆಯ ಮರಗಳು ಹೋದವು. ಉಳಿದವು ತಮ್ಮ ತಮ್ಮ ತಿಂಗಳು ತಪ್ಪದೆ ಅರಳುತ್ತಿವೆ.

ಅವರು ತೀರಿಕೊಂಡ ಫೆಬ್ರುವರಿ ತಿಂಗಳಿನಲ್ಲಿ ಬೆಂಗಳೂರಿನ ಹಳದಿ ತಬೆಬೂಯಾ ಅರಳಲು ಹತ್ತುತ್ತದೆ. ನಮ್ಮ ಕಡೆ ಅದೇ ಹೊತ್ತಿಗೆ ಕಲಘಟಗಿಯ ಗುಡ್ಡಗಳಲ್ಲಿ ಮುತ್ತಲದ ಮರ ಎಲೆ ಉದುರಿಸಿ ಕೆಂಪಗಾಗುತ್ತದೆ. ಕತ್ತರಿ ಹಾಕಿದ ಮಲ್ಲಿಗೆಯ ಗಿಡದಲ್ಲಿ ಹೊಸ ಚಿಗುರಿನ ಸಂದಿಯಲ್ಲಿ ಸಾಸಿವೆಯಷ್ಟು ಮೊಗ್ಗು ಆಗಲೇ ಕಾಣುತ್ತದೆ. ಆಗಿನಿಂದ ನೀರು ತಪ್ಪಿಸಬೇಡಿರಿ.